ಕೋಳಿ ತಳಿಯ ಹೆಸರಿಗೆ ಲಕ್ಷಣವೇ ಆಧಾರ

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ 'ನಾಟಿ ಕೋಳಿ' ಎಂದರೆ ಅಧಿಕ ಬೆಲೆ. ಆದರೆ ಆ ಹೆಸರಿಗೆ ಲಿಖಿತ ಲಕ್ಷಣವಿಲ್ಲ. ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾನಿಲಯವು ರೂಪಿಸಿದ ಗಿರಿರಾಜವೂ ಬಣ್ಣದ ಗರಿಯ ಕೋಳಿ, ಹಿತ್ತಲಿನಲ್ಲಿಯೇ ಬೆಳೆಯುತ್ತದೆ. ಅದು ಉತ್ತಮವಾದುದೇ, ಆದರೆ ನಾಟಿಯಲ್ಲ. ಗ್ರಾಹಕನಿಗೆ ಭೇದ ತಿಳಿಯದಿದ್ದರೆ ನಷ್ಟ ನಾಟಿ ಸಾಕುವವನಿಗೆ.

ಇದಕ್ಕೆ ಪರಿಹಾರ ತಳಿಯ ಮಾನದಂಡ. ಅಮೆರಿಕದ ಕೋಳಿ ಸಾಕಣೆದಾರರ ಸಂಘವು 1874ರಲ್ಲಿಯೇ ಇಂತಹ ಗ್ರಂಥವನ್ನು ಪ್ರಕಟಿಸಿತು. ಜುಟ್ಟಿನ ಆಕಾರ, ಗರಿಯ ಬಣ್ಣ, ಕಾಲು, ನಿಲುವು, ತೂಕ ಮುಂತಾದವು ಮಾನದಂಡದ ಅಂಗಗಳು. ಪ್ರದರ್ಶನದಲ್ಲಿ ತೀರ್ಪುಗಾರರು ಪ್ರತಿ ಕೋಳಿಯನ್ನೂ ಮೊದಲು ಈ ಬರಹದೊಡನೆ ಹೋಲಿಸುತ್ತಾರೆ. ಗೆದ್ದ ಕೋಳಿಯ ಮರಿಗಳನ್ನು ಕೊಳ್ಳುವವನಿಗೆ ತಾನು ಏನನ್ನು ಕೊಳ್ಳುತ್ತಿರುವೆನೆಂಬುದು ತಿಳಿದಿರುತ್ತದೆ.

ನಮ್ಮ ದೇಶದಲ್ಲಿ ತಳಿಗಳನ್ನು ನೋಂದಾಯಿಸುವುದು ಕರ್ನಾಲಿನ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೋ. ಕೋಲಾರ-ಚಿತ್ತೂರು ಸೀಮೆಯ ಘಾಗಸ್ ಕೋಳಿಯೂ ನಮ್ಮದೇ ಮಲೆನಾಡು ಗಿಡ್ಡ ದನವೂ ಆ ಪಟ್ಟಿಯಲ್ಲಿವೆ. ಮಧ್ಯಪ್ರದೇಶದ ಝಾಬುವಾ ಜಿಲ್ಲೆಯ ಕಡಕನಾಥ್ ಕೋಳಿಯ ಕಪ್ಪು ಮಾಂಸಕ್ಕೆ 2018ರಲ್ಲಿ ಭೌಗೋಳಿಕ ಸೂಚಕವೂ ದೊರೆಯಿತು.

ಮಲೆನಾಡಿನ ಕೋಳಿಗೂ ಇದೇ ಮಾರ್ಗ. ಊರೂರಿನ ಕೋಳಿಗಳ ಲಕ್ಷಣ, ತೂಕ, ಮೊಟ್ಟೆಯ ಲೆಕ್ಕಗಳನ್ನು ಬರೆದಿಡಬೇಕು. ಕಾಲಿಗೆ ಸಂಖ್ಯೆಯುಳ್ಳ ಬಳೆ ತೊಡಿಸಿ ವಂಶಾವಳಿಯನ್ನು ಕಾಯ್ದುಕೊಳ್ಳಬೇಕು. ಒಂದೇ ಹುಂಜವನ್ನು ಅದರ ಸಂತತಿಯೊಡನೆ ಬಿಡದೆ, ಸಾಕಣೆದಾರರು ಹುಂಜಗಳನ್ನು ಪರಸ್ಪರ ಬದಲಾಯಿಸಿಕೊಳ್ಳಬೇಕು. ಇಲ್ಲವಾದರೆ ಮೊಟ್ಟೆಯೊಡೆಯುವ ಪ್ರಮಾಣವೂ ಮರಿಗಳ ಕಸುವೂ ಕುಂದುತ್ತವೆ. ಈ ದಾಖಲೆಗಳು ಸಿದ್ಧವಾದ ಮೇಲೆ ನೋಂದಣಿಗೆ ಅರ್ಜಿ ಸಲ್ಲಿಸಲು ಆಧಾರ ದೊರೆಯುತ್ತದೆ. ಅಧಿಕ ಬೆಲೆ ಕೇಳುವ ವರ್ತಕನಿಗೂ ಅದೇ ಆಧಾರ.