ವ್ರತಕ್ಕೆ ಮುನ್ನ ಕ್ರಾಪ್ಫೆನ್

ಉಪವಾಸ ವ್ರತಕ್ಕೆ ಮುನ್ನ ಮನೆತುಂಬ ಕರಿದ ತಿಂಡಿ ಮಾಡುವ ಪದ್ಧತಿ ಅನೇಕ ದೇಶಗಳಲ್ಲುಂಟು. ಆಸ್ಟ್ರಿಯಾ ಹಾಗೂ ದಕ್ಷಿಣ ಜರ್ಮನಿಯ ಬವೇರಿಯಾ ಪ್ರಾಂತದಲ್ಲಿ ಆ ತಿಂಡಿಯ ಹೆಸರು ಕ್ರಾಪ್ಫೆನ್. ಈಸ್ಟರ್ ಹಬ್ಬಕ್ಕೆ ಮುಂಚಿನ 40 ದಿನಗಳ ವ್ರತಕಾಲದಲ್ಲಿ ಮಧ್ಯಯುಗದ ಕ್ರೈಸ್ತರು ಮಾಂಸವನ್ನಷ್ಟೇ ಅಲ್ಲದೆ ಮೊಟ್ಟೆ, ಹಾಲು, ಬೆಣ್ಣೆಗಳನ್ನೂ ವರ್ಜಿಸುತ್ತಿದ್ದರು. ಮನೆಯಲ್ಲಿದ್ದ ಜಿಡ್ಡು ಕೆಡುವ ಮೊದಲೇ ಮುಗಿಯಬೇಕಲ್ಲವೆ? ಗೃಹಿಣಿಯರು ಒಲೆಯ ಮೇಲೆ ಬಾಣಲೆ ಇಟ್ಟರು. ವ್ರತದ ಬಿಗಿ ಸಡಿಲಿದ ಮೇಲೂ, ಅದರ ಮುಂಚಿನ ಫಾಷಿಂಗ್ ಎಂಬ ಉತ್ಸವಕಾಲದ ಈ ತಿಂಡಿ ಮಾತ್ರ ಉಳಿದುಬಂದಿದೆ.

17ನೆಯ ಶತಮಾನದ ವಿಯೆನ್ನಾದಲ್ಲಿ ಕ್ರಾಪ್ಫ್ ಎಂಬ ಅಡ್ಡಹೆಸರಿನ ಮಹಿಳೆಯೊಬ್ಬಳು ಇದನ್ನು ಮೊದಲು ಮಾಡಿದಳೆಂಬ ಕಥೆ ಪ್ರಚಲಿತವಾಗಿದೆ. ಕಥೆ ಸೊಗಸಾಗಿದೆ, ಆದರೆ ನಂಬತಕ್ಕದ್ದಲ್ಲ. 1486ರ ವಿಯೆನ್ನಾ ನಗರದ ಅಡುಗೆಯವರ ನಿಯಮಾವಳಿಯಲ್ಲಿಯೇ ಕ್ರಾಪ್ಫೆನ್ ಮಾಡುವ ಸ್ತ್ರೀಯರ ಉಲ್ಲೇಖವಿದೆ.

ಮೈದಾ, ಹಾಲು, ಬೆಣ್ಣೆ, ಮೊಟ್ಟೆಯ ಹಳದಿ, ಯೀಸ್ಟ್ ಸೇರಿಸಿ ನಾದಿದ ಕಣಕವನ್ನು ಬೆಚ್ಚಗಿನ ಸ್ಥಳದಲ್ಲಿ ಉಬ್ಬಲು ಬಿಡುವರು. ಬಳಿಕ ಉಂಡೆ ಕಟ್ಟಿ, ಮತ್ತೊಮ್ಮೆ ಉಬ್ಬಿಸಿ ಕರಿಯುವರು. ಚೆನ್ನಾಗಿ ಉಬ್ಬಿದ ಉಂಡೆ ಹಗುರಾಗಿರುವುದರಿಂದ ಮುಳುಗದೆ ತೇಲುತ್ತದೆ. ಮೊದಲ ಮಗ್ಗುಲು ಬೇಯುವಾಗ ಮುಚ್ಚಳ ಮುಚ್ಚಿ, ತಿರುವಿದ ನಂತರ ತೆರೆದಿಡುವುದು ವಾಡಿಕೆ. ಎರಡೂ ಮಗ್ಗುಲು ಕೆಂಪಾದರೂ ನಡುವಿನ ಭಾಗ ಜಿಡ್ಡಿನಲ್ಲಿ ಮುಳುಗದ ಕಾರಣ ಸುತ್ತಲೂ ಬಿಳಿಯ ಪಟ್ಟಿಯೊಂದು ಉಳಿಯುತ್ತದೆ. ಮಾಡಿದವರ ಕೈಗುಣವನ್ನು ಆ ಪಟ್ಟಿಯಿಂದಲೇ ಅಳೆಯುವರು. ಆಸ್ಟ್ರಿಯಾದಲ್ಲಿ ಏಪ್ರಿಕಾಟ್ ಜಾಮ್ ಇದರ ಹೂರಣ; ನಮ್ಮ ಕರಿಗಡುಬಿನಂತಲ್ಲದೆ, ಅದನ್ನು ಸಾಮಾನ್ಯವಾಗಿ ಕರಿದ ಮೇಲೆ ತುಂಬುವರು. ಉತ್ಸವದ ವಿನೋದಕ್ಕೆಂದು ತಟ್ಟೆಯಲ್ಲೊಂದಕ್ಕೆ ಸಾಸಿವೆಯ ಗೊಜ್ಜು ತುಂಬಿಡುವ ತುಂಟರೂ ಉಂಟು!

ಉದ್ಯೋಗ, ವ್ಯಾಸಂಗಗಳ ನಿಮಿತ್ತ ನಮ್ಮ ಮಕ್ಕಳು ಮ್ಯೂನಿಕ್, ವಿಯೆನ್ನಾಗಳಲ್ಲಿ ನೆಲೆಸಿರುವ ಈ ದಿನಗಳಲ್ಲಿ ಶಾಕಾಹಾರಿ ಕುಟುಂಬಗಳು ಅವಶ್ಯವಾಗಿ ತಿಳಿಯಬೇಕಾದ ಸಂಗತಿಯೊಂದಿದೆ. ಆಸ್ಟ್ರಿಯಾದ ಆಹಾರ ಸಂಹಿತೆಯ ಪ್ರಕಾರ ಫಾಷಿಂಗ್ ಕ್ರಾಪ್ಫೆನ್ ಎಂದು ಮಾರಬೇಕಾದರೆ ಒಂದು ಕಿಲೋ ಹಿಟ್ಟಿಗೆ ಕನಿಷ್ಠ 6 ಮೊಟ್ಟೆಗಳ ಹಳದಿ ಇರಲೇಬೇಕು. ಮೊಟ್ಟೆಯ ಮಾತು ಹೀಗೆ ನೇರವಾಗಿದೆ. ಗೊಂದಲವಿರುವುದು ಕರಿಯುವ ಜಿಡ್ಡಿನ ವಿಷಯದಲ್ಲಿ. ಅಲ್ಲಿ ಶ್ಮಾಲ್ಟ್ಸ್ ಎಂಬ ಶಬ್ದಕ್ಕೆ ಸಾಮಾನ್ಯವಾಗಿ ಹಂದಿಯ ಕೊಬ್ಬೆಂದೇ ಅರ್ಥ. ಬುಟರ್‌ಶ್ಮಾಲ್ಟ್ಸ್ ಎಂದರೆ ಮಾತ್ರ ಬೆಣ್ಣೆ ಕಾಯಿಸಿದ ತುಪ್ಪ. ಇಂದು ಬಹಳಷ್ಟು ಬೇಕರಿಗಳು ಸಸ್ಯಜನ್ಯ ಎಣ್ಣೆಯನ್ನೇ ಬಳಸುತ್ತವೆಯಾದರೂ ಹಳೆಯ ಕ್ರಮವನ್ನು ಅನುಸರಿಸುವ ಅಂಗಡಿಗಳೂ ಇವೆ.

ಯುರೋಪಿನ ಕಾನೂನಿನಂತೆ 2014ರ ಡಿಸೆಂಬರ್‌ನಿಂದ ಬಿಡಿಯಾಗಿ ಮಾರುವ ತಿಂಡಿಗಳಿಗೂ ಅಲರ್ಜಿಕಾರಕ ಪದಾರ್ಥಗಳ ವಿವರ ಒದಗಿಸಬೇಕು. ಮೊಟ್ಟೆ, ಹಾಲು ಆ ಪಟ್ಟಿಯಲ್ಲಿವೆ. ಹಂದಿಯ ಕೊಬ್ಬು ಅಲರ್ಜಿಕಾರಕವೆನಿಸದ ಕಾರಣ ಅದರಲ್ಲಿಲ್ಲ. ಆದುದರಿಂದ ಆ ಚೀಟಿಯನ್ನು ಓದಿದ ಮಾತ್ರಕ್ಕೆ ಸಾಲದು, ಯಾವುದರಲ್ಲಿ ಕರಿದಿರಿ ಎಂದು ಬಾಯಿಬಿಟ್ಟು ಕೇಳಲೇಬೇಕು. ಹಾಲು, ಮೊಟ್ಟೆ ಎರಡೂ ಇಲ್ಲದ, ವೀಗನ್ ಎಂಬ ಗುರುತಿನ ಕ್ರಾಪ್ಫೆನ್ ಕೂಡ ಈಗ ದೊಡ್ಡ ನಗರಗಳಲ್ಲಿ ದೊರೆಯುತ್ತದೆ.