ಸೆಲ್ಫ್ ಜಾರುವ ಬೈಕು: ಸ್ಟಾರ್ಟರ್ ಕ್ಲಚ್ಚಿನ ಒಳರಚನೆ ಮತ್ತು ದೋಷಪತ್ತೆಯ ಕಸುಬು

ಹಳೆಯ ಮೋಟಾರ್ ಸೈಕಲ್ಲಿನ ಸೆಲ್ಫ್ ಬಟನ್ ಒತ್ತಿದಾಗ ಸ್ಟಾರ್ಟರ್ ಮೋಟಾರು ಗಿರ್ರೆಂದು ತಿರುಗಿಯೂ ಎಂಜಿನ್ ಕದಲದಿದ್ದರೆ, ದೋಷ ಬಹುಮಟ್ಟಿಗೆ ಸ್ಟಾರ್ಟರ್ ಕ್ಲಚ್ಚಿನಲ್ಲಿರುತ್ತದೆ. ಗ್ಯಾರೇಜುಗಳಲ್ಲಿ ಒನ್‌ವೇ ಕ್ಲಚ್ ಎಂದು ಕರೆಯಲಾಗುವ ಈ ಭಾಗಕ್ಕೂ ಸವಾರನು ಎಡಗೈಯಿಂದ ಹಿಡಿದು ಬಿಡುವ ಕ್ಲಚ್ಚಿಗೂ ಯಾವ ಸಂಬಂಧವೂ ಇಲ್ಲ. ಮೋಟಾರಿನ ಬಲವನ್ನು ಕ್ರ್ಯಾಂಕ್‌ಶಾಫ್ಟಿಗೆ, ಅಂದರೆ ಪಿಸ್ಟನ್ನಿನ ಏರಿಳಿತವನ್ನು ತಿರುಗಾಟವಾಗಿ ಮಾರ್ಪಡಿಸುವ ಎಂಜಿನ್ನಿನ ಮುಖ್ಯ ದಂಡಕ್ಕೆ, ಒಂದೇ ದಿಕ್ಕಿನಲ್ಲಿ ದಾಟಿಸಿ, ಎಂಜಿನ್ ಹೊತ್ತಿಕೊಂಡ ಕೂಡಲೇ ಮೋಟಾರನ್ನು ಬೇರ್ಪಡಿಸುವುದಷ್ಟೇ ಇದರ ಕೆಲಸ.

ಕಾರುಗಳಿಗೆ ವಿದ್ಯುತ್ ಸ್ಟಾರ್ಟರ್ 1912ರಷ್ಟು ಹಿಂದೆಯೇ, ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವ್ಯವಸ್ಥೆಯ ಮೂಲಕ ಕ್ಯಾಡಿಲಾಕ್‌ನಲ್ಲಿ ಬಂದಿದ್ದರೂ, ದೊಡ್ಡ ಮೋಟಾರ್ ಸೈಕಲ್ಲುಗಳಲ್ಲಿ ಅದು ನೆಲೆಯೂರಲು 1969ರ ಹೋಂಡಾ ಸಿಬಿ750ರಂಥ ಬೈಕುಗಳು ಬರಬೇಕಾಯಿತು. ನಾಲ್ಕು ಸಿಲಿಂಡರಿನ, 736 ಸಿಸಿ ಸಾಮರ್ಥ್ಯದ ಆ ಬೈಕಿನಲ್ಲಿ ಸೆಲ್ಫ್ ಜತೆಗೆ ಕಿಕ್ಕರನ್ನೂ ಉಳಿಸಿಕೊಳ್ಳಲಾಗಿತ್ತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಬಂದ ಜಾವಾ ಮತ್ತು ಯೆಜ್ಡಿ ಬೈಕುಗಳಿಗೆ ಸೆಲ್ಫ್ ಇರಲೇ ಇಲ್ಲ. ಕಿಕ್ ಹೊಡೆಯುವ ಲಿವರನ್ನೇ ಮುಂದಕ್ಕೆ ಮಡಚಿ ಗೇರ್ ಹಾಕುವ ಜಾಣ ಏರ್ಪಾಡು ಅವುಗಳದು. ಹೀಗಾಗಿ ಮೈಸೂರು ಸೀಮೆಯ ಹಳೆಯ ತಲೆಮಾರಿನ ಮೆಕ್ಯಾನಿಕ್ಕುಗಳಿಗೆ ಸ್ಟಾರ್ಟರ್ ಕ್ಲಚ್ಚಿನ ಪರಿಚಯವಾದದ್ದು ಬೇರೆ ಬೈಕುಗಳಿಂದ ಎನ್ನಬೇಕು.

ಸಿಬಿ750ರಲ್ಲಿರುವಂಥ ರೋಲರ್ ಮಾದರಿಯನ್ನು ಅರಿತರೆ ಉಳಿದವುಗಳನ್ನು ಅರಿಯುವುದು ಸುಲಭ. ಎಂಜಿನ್ನಿನ ಎಡಬದಿಯಲ್ಲಿ, ಕ್ರ್ಯಾಂಕಿನ ತುದಿಗೆ, ವಿದ್ಯುತ್ ಉತ್ಪಾದಿಸುವ ಆಲ್ಟರ್ನೇಟರಿನ ರೋಟರ್ ಕೂತಿರುತ್ತದೆ. ಅದರ ಬೆನ್ನಿಗೆ ಮೂರು ಸ್ಕ್ರೂಗಳಿಂದ ಬಿಗಿದ ಉಕ್ಕಿನ ಬಳೆಯೇ ಕ್ಲಚ್ಚಿನ ಗೂಡು. ಗೂಡಿನ ಒಳಗೆ ಒಂದು ಬದಿ ಅಗಲವಾಗಿಯೂ ಇನ್ನೊಂದು ಬದಿ ಇಕ್ಕಟ್ಟಾಗಿಯೂ ಇರುವ ಮೂರು ಜಾಗಗಳಿದ್ದು, ಒಂದೊಂದರಲ್ಲೂ ಒಂದು ರೋಲರ್, ಅದನ್ನು ಇಕ್ಕಟ್ಟಿನ ಕಡೆಗೆ ಒತ್ತುವ ಪುಟ್ಟ ಸ್ಪ್ರಿಂಗ್ ಮತ್ತು ಅದರ ಟೋಪಿ ಇರುತ್ತವೆ. ಮೋಟಾರಿನಿಂದ ತಿರುಗುವ ದೊಡ್ಡ ಗೇರಿನ ನಯವಾದ ಕುತ್ತಿಗೆ ಈ ರೋಲರುಗಳ ನಡುವೆ ತೂರಿರುತ್ತದೆ. ಗೇರ್ ತಿರುಗಿದಾಗ ರೋಲರುಗಳು ಇಕ್ಕಟ್ಟಿಗೆ ಸರಿದು, ಕುತ್ತಿಗೆಗೂ ಗೂಡಿಗೂ ನಡುವೆ ಬಾಗಿಲ ಸಂದಿಗೆ ಸಿಕ್ಕಿಸಿದ ಬೆಣೆಯಂತೆ ಸಿಲುಕಿ, ಎರಡನ್ನೂ ಒಂದಾಗಿಸುತ್ತವೆ. ಎಂಜಿನ್ ಹೊತ್ತಿಕೊಂಡು ರೋಟರ್ ಗೇರನ್ನು ಮೀರಿ ಓಡತೊಡಗಿದಾಗ ಅವು ಅಗಲದ ಕಡೆಗೆ ಹಿಂಜರಿದು ಬಿಡುಗಡೆಯಾಗುತ್ತವೆ. ಸ್ಪ್ರ್ಯಾಗ್ ಎಂಬ ಇನ್ನೊಂದು ಮಾದರಿಯಲ್ಲಿ ರೋಲರುಗಳ ಬದಲು, ಓರೆಯಾಗಿ ನಿಲ್ಲುವ ಹತ್ತಾರು ಸಣ್ಣ ಉಕ್ಕಿನ ತುಣುಕುಗಳನ್ನು ಒಂದು ಬಳೆಸ್ಪ್ರಿಂಗ್ ಹಿಡಿದಿಟ್ಟಿರುತ್ತದೆ.

ಎಣ್ಣೆಯಲ್ಲಿ ಮುಳುಗಿದ ಉಕ್ಕು ಉಕ್ಕನ್ನು ಹೀಗೆ ಕಚ್ಚಿ ಹಿಡಿಯುವುದು ವಿಚಿತ್ರವೆನಿಸಬಹುದು. ಎಣ್ಣೆಯಾಡಿದ ಉಕ್ಕಿನ ಮೇಲ್ಮೈಗಳ ನಡುವಿನ ಘರ್ಷಣಾಂಕ, ಅಂದರೆ ಒತ್ತುವ ಬಲಕ್ಕೆ ಪ್ರತಿಯಾಗಿ ದೊರೆಯುವ ಹಿಡಿತದ ಪ್ರಮಾಣ, ಸುಮಾರು 0.1 ಮಾತ್ರ. ಆದರೆ ಬೆಣೆಯ ಕೋನದ ಅರ್ಧವು ಸುಮಾರು 6 ಡಿಗ್ರಿಗಿಂತ ಕಡಿಮೆಯಿದ್ದರೆ ಅಷ್ಟು ಅಲ್ಪ ಘರ್ಷಣೆಯೂ ಸಾಕಾಗುತ್ತದೆ, ಮತ್ತು ತಿರುಗಿಸುವ ಬಲ ಹೆಚ್ಚಿದಷ್ಟೂ ಹಿಡಿತ ತಾನಾಗಿ ಬಿಗಿಯಾಗುತ್ತದೆ. ಈ ಲೆಕ್ಕಾಚಾರ ಇಷ್ಟು ನಾಜೂಕಾಗಿರುವುದರಿಂದಲೇ, ರೋಲರ್ ಒಂದಿಷ್ಟು ಸವೆದರೂ, ಗೂಡಿನ ಇಳಿಜಾರಿನಲ್ಲಿ ಕಣ್ಣಿಗೆ ಕಾಣದಷ್ಟು ತಗ್ಗು ಬಿದ್ದರೂ ಕೋನ ಕೆಟ್ಟು ಕ್ಲಚ್ ಜಾರತೊಡಗುತ್ತದೆ.

ದೋಷಪತ್ತೆಯಲ್ಲಿ ಮೊದಲು ದುಡಿಯುವುದು ಕಿವಿ. ಬಟನ್ ಒತ್ತಿದಾಗ ಟಕ್ ಎಂಬ ಸದ್ದಷ್ಟೇ ಬಂದರೆ ರಿಲೇ ಅಥವಾ ಬ್ಯಾಟರಿಯನ್ನು ನೋಡಬೇಕು. ಮೋಟಾರು ನರಳುತ್ತ ನಿಧಾನವಾಗಿ ತಿರುಗಿದರೆ ಬ್ಯಾಟರಿ ಸೋತಿದೆ ಅಥವಾ ಅರ್ಥ್ ವೈರ್ ಸಡಿಲವಾಗಿದೆ. ಹೊರೆಯೇ ಇಲ್ಲದಂತೆ ಸರಾಗವಾಗಿ ಗಿರಗುಟ್ಟಿದರೆ ಮಾತ್ರ ಕ್ಲಚ್ಚಿನ ಮೇಲೆ ಅನುಮಾನ ಪಡಬೇಕು. ಎಡ ಕವರಿನ ನಡುವೆ ಟೈಮಿಂಗ್ ಕ್ಯಾಪ್ ಇರುವ ಬೈಕುಗಳಲ್ಲಿ ಅದನ್ನು ಬಿಚ್ಚಿ, ಬಟನ್ ಒತ್ತಿ, ಒಳಗಿನ ರೋಟರ್ ಬೋಲ್ಟ್ ತಿರುಗುತ್ತದೆಯೇ ಎಂದು ನೋಡುವುದು ಖರ್ಚಿಲ್ಲದ ಪರೀಕ್ಷೆ. ಅನಂತರ ಸ್ಪಾರ್ಕ್ ಪ್ಲಗ್ ಬಿಚ್ಚಿ, ಕಿಡಿ ಹಾರದಂತೆ ಇಗ್ನಿಷನ್ ತಪ್ಪಿಸಿ, ಮತ್ತೆ ಒತ್ತಬೇಕು: ಕಂಪ್ರೆಷನ್ ಇಲ್ಲದಾಗ ಹಿಡಿದು, ಪ್ಲಗ್ ಹಾಕಿದಾಗ ಜಾರುವ ಕ್ಲಚ್ ಸವೆದಿದೆ, ಎರಡೂ ಸಲ ಹಿಡಿಯದಿದ್ದರೆ ಸ್ಪ್ರಿಂಗ್ ಮುರಿದಿರಬಹುದು, ಗೂಡಿನ ಸ್ಕ್ರೂಗಳು ಕಳಚಿರಬಹುದು ಅಥವಾ ಮೋಟಾರಿಗೂ ಕ್ಲಚ್ಚಿಗೂ ನಡುವಿನ ಗೇರಿನ ಹಲ್ಲೇ ಹೋಗಿರಬಹುದು. ಕವರ್ ಬಿಚ್ಚುವುದೆಂದರೆ ಎಷ್ಟೋ ಬೈಕುಗಳಲ್ಲಿ ಆಯಿಲ್ ಇಳಿಸಿ ಪ್ಯಾಕಿಂಗ್ ಬದಲಿಸುವ ಕೆಲಸವೂ ಆಗಿರುವುದರಿಂದ, ಈ ಹೊರಗಿನ ಪರೀಕ್ಷೆಗಳನ್ನು ಬಿಟ್ಟು ನೇರವಾಗಿ ಸ್ಪ್ಯಾನರಿಗೆ ಕೈಹಾಕುವ ಅವಸರ ಗಿರಾಕಿಯ ಜೇಬಿಗೆ ಹೊರೆ.

ಕವರ್ ತೆಗೆದ ಮೇಲೆ ರೋಟರನ್ನು ಪುಲ್ಲರಿನಿಂದಲೇ ಕಳಚಬೇಕು. ಅದು ಕ್ರ್ಯಾಂಕಿನ ಟೇಪರ್ ತುದಿಗೆ ಕಚ್ಚಿಕೊಂಡಿರುವುದರಿಂದ ಸುತ್ತಿಗೆಯ ಆಸೆ ಸಹಜವಾದರೂ, ಶಾಶ್ವತ ಅಯಸ್ಕಾಂತವಿರುವ ಬೈಕುಗಳಲ್ಲಿ ಪೆಟ್ಟಿಗೆ ಅಯಸ್ಕಾಂತ ಬಿರುಕುಬಿಡುತ್ತದೆ, ಕ್ರ್ಯಾಂಕಿಗೂ ಒಳ್ಳೆಯದಲ್ಲ. ಕಳಚಿದ ರೋಟರನ್ನು ಬೆನ್ನು ಮೇಲಾಗಿ ಮೇಜಿನ ಮೇಲಿಟ್ಟು, ಗೇರಿನ ಕುತ್ತಿಗೆಯನ್ನು ರೋಲರುಗಳ ನಡುವೆ ಕೂರಿಸಿ ಕೈಯಿಂದ ತಿರುಗಿಸಿದರೆ, ಒಂದು ಕಡೆ ಸಲೀಸಾಗಿ ತಿರುಗಿ ಇನ್ನೊಂದು ಕಡೆ ಥಟ್ಟನೆ ನಿಲ್ಲಬೇಕು. ಕುತ್ತಿಗೆಯ ಮೇಲೆ ಉಗುರಾಡಿಸಿದಾಗ ಗೀರು ತಡೆದರೆ, ರೋಲರಿನ ಮೈಯಲ್ಲಿ ಚಪ್ಪಟೆ ಪಟ್ಟೆ ಹೊಳೆದರೆ, ಆ ಭಾಗಗಳನ್ನು ಬದಲಿಸಬೇಕು. ಸ್ಪ್ರಿಂಗನ್ನು ಎಳೆದು ಉದ್ದ ಮಾಡಿ ಹಾಕುವುದು ಕೆಲವು ವಾರ ನಡೆಯುವ ಉಪಾಯವಷ್ಟೇ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ದೆಹಲಿಯ ಕರೋಲ್ ಬಾಗ್‌ನಲ್ಲೋ ಸಿಗುವ ಬದಲಿ ಭಾಗಗಳಲ್ಲಿ ಒಳ್ಳೆಯವೂ ಇವೆ, ಮೆದು ಉಕ್ಕಿನವೂ ಇವೆ. ಗೂಡಿನ ಅಂಚಿಗೆ ಒಂದು ಹಳೆಯ ಅರವನ್ನು ಮೆಲ್ಲನೆ ಉಜ್ಜಿದಾಗ ಅದು ಕಚ್ಚದೆ ಗಾಜಿನ ಮೇಲೆಂಬಂತೆ ಜಾರಿದರೆ ಲೋಹ ಹದಗೊಂಡಿದೆ ಎಂದು ತಿಳಿಯಬಹುದು. ಅರ ಕಚ್ಚಿ ಪುಡಿ ಉದುರಿದರೆ ಆ ಭಾಗವನ್ನು ಅಂಗಡಿಗೆ ಹಿಂದಿರುಗಿಸುವುದೇ ಸರಿ. ಮೂರು ಸ್ಕ್ರೂಗಳ ಎಳೆಗಳನ್ನು ಎಣ್ಣೆಯ ಸೋಂಕಿಲ್ಲದಂತೆ ತೊಳೆದು, ಥ್ರೆಡ್ ಲಾಕ್ ಅಂಟು ಹಚ್ಚಿ ಬಿಗಿಯದಿದ್ದರೆ, ಹೊಸ ಕ್ಲಚ್ಚೂ ಕೆಲವೇ ದಿನಗಳಲ್ಲಿ ಗಡಗಡ ಎನ್ನತೊಡಗುತ್ತದೆ.

ಆದರೆ ಸ್ಟಾರ್ಟರ್ ಕ್ಲಚ್ ಕೇವಲ ವಯಸ್ಸಿನಿಂದ ಸಾಯುವುದಕ್ಕಿಂತ ಹಿಂದೇಟಿನಿಂದ ಸಾಯುವುದೇ ಹೆಚ್ಚು. ಪಿಸ್ಟನ್ ತುದಿ ತಲುಪುವ ಮುನ್ನವೇ ಕಿಡಿ ಹಾರಿ, ಸಾಕಷ್ಟು ವೇಗವಿಲ್ಲದ ಎಂಜಿನ್ ಹಿಮ್ಮುಖವಾಗಿ ಒದೆಯುವುದನ್ನು ಹಿಂದೇಟು ಎನ್ನಬಹುದು. ಎಂಜಿನ್ ಮುಂದಕ್ಕೆ ಓಡಿದಾಗ ಬಿಟ್ಟುಕೊಡುವ ಕ್ಲಚ್, ಅದು ಹಿಂದಕ್ಕೆ ಒದ್ದಾಗ ಇನ್ನಷ್ಟು ಬಿಗಿಯುತ್ತದೆ. ಗೇರುಗಳಾಚೆಗಿನ ಮೋಟಾರು ತಕ್ಷಣ ಹಿಂದಕ್ಕೆ ತಿರುಗಲಾರದ್ದರಿಂದ ಇಡೀ ಪೆಟ್ಟು ರೋಲರುಗಳ ಮೇಲೆ ಬಿದ್ದು, ಅವು ಗೂಡಿನ ಇಳಿಜಾರಿನಲ್ಲಿ ಗುಳಿ ತೋಡುತ್ತವೆ. ಬ್ಯಾಟರಿ ಸೊರಗಿದಷ್ಟೂ ಎಂಜಿನ್ ನಿಧಾನವಾಗಿ ತಿರುಗುವುದರಿಂದ ಹಿಂದೇಟಿನ ಸಂಭವ ಹೆಚ್ಚು. ಪೂರ್ತಿ ಚಾರ್ಜ್ ಆದ 12 ವೋಲ್ಟ್ ಲೆಡ್ ಆಸಿಡ್ ಬ್ಯಾಟರಿ ವಿಶ್ರಾಂತಿಯಲ್ಲಿ ಸುಮಾರು 12.6 ವೋಲ್ಟ್ ತೋರಬೇಕು, ಸೆಲ್ಫ್ ಒತ್ತಿದಾಗ 9.6ಕ್ಕಿಂತ ಕೆಳಗೆ ಇಳಿಯಬಾರದು. ಇಳಿಯುವ ಬ್ಯಾಟರಿಯನ್ನು ಹಾಗೆಯೇ ಬಿಟ್ಟು ಕ್ಲಚ್ ಬದಲಿಸುವುದು ಅರ್ಧ ಕೆಲಸ.

ಪಾಯಿಂಟ್ ಇಗ್ನಿಷನ್ನಿನ ಬೈಕುಗಳಲ್ಲಿ ಹಿಂದೇಟಿಗೆ ಇನ್ನೊಂದು ಕಾರಣವೂ ಇದೆ. ವೇಗ ಏರಿದಂತೆ ಕಿಡಿಯನ್ನು ಮುಂಚಿತಗೊಳಿಸುವ ಅಡ್ವಾನ್ಸ್ ಘಟಕದ ತೂಕಗಳನ್ನು ಹಿಂದಕ್ಕೆ ಎಳೆದು ಹಿಡಿಯುವ ಎರಡು ಸ್ಪ್ರಿಂಗುಗಳು ಹಳತಾಗಿ ಸಡಿಲಗೊಂಡರೆ, ಇಲ್ಲವೇ ತುಕ್ಕಿನಿಂದ ಘಟಕ ಹಿಂದಕ್ಕೆ ಬಾರದೆ ಸಿಕ್ಕಿಕೊಂಡರೆ, ಸ್ಟಾರ್ಟ್ ಮಾಡುವ ಹೊತ್ತಿಗೂ ಕಿಡಿ ಮುಂಚೆಯೇ ಹಾರುತ್ತದೆ. ಸಿಬಿ750ರಲ್ಲಿ ಆ ಘಟಕವಿರುವುದು ಬಲಬದಿಯ ಪಾಯಿಂಟ್ ಕವರಿನ ಒಳಗೆ. ಆದ್ದರಿಂದ ಎಡ ಕವರನ್ನು ಹೊಸ ಪ್ಯಾಕಿಂಗ್ ಕೂರಿಸಿ ಮುಚ್ಚಿದ ಮೇಲೆ, ಬಟನ್ ಒತ್ತುವ ಮುನ್ನ, ಬಲ ಕವರಿನ ಎರಡು ಸ್ಕ್ರೂ ಬಿಚ್ಚಿ ಆ ಸ್ಪ್ರಿಂಗುಗಳನ್ನೂ ನೋಡುವುದು ಅನುಭವಿ ಮೆಕ್ಯಾನಿಕ್ಕಿನ ಪದ್ಧತಿ.