ಮುಚ್ಚಿದ ಪೆಟ್ಟಿಗೆ, ಒಡೆದ ಮಸೂರ

ಕ್ರಿಸ್ಮಸ್ ಹಬ್ಬದ ಕಾಣಿಕೆಯಲ್ಲಿ ಎರಡು ಸಂತೋಷಗಳುಂಟು. ಅದನ್ನು ಬಿಚ್ಚಿದಾಗ ಆಗುವುದು ಒಂದು; ಬಿಚ್ಚುವುದಕ್ಕೆ ಮೊದಲು, ಒಳಗೆ ಏನಿರಬಹುದೆಂದು ಊಹಿಸುವಾಗ ಆಗುವುದು ಇನ್ನೊಂದು. ಭೌತವಿಜ್ಞಾನದ ಸಂತೋಷ ಬಹುಮಟ್ಟಿಗೆ ಈ ಎರಡನೆಯ ಬಗೆಯದು. ಭೂಮಿಯ ಗರ್ಭವನ್ನಾಗಲಿ, ಸೂರ್ಯನ ಒಡಲನ್ನಾಗಲಿ ಬಿಚ್ಚಿ ನೋಡಿದವರು ಯಾರೂ ಇಲ್ಲ. ಹೊರಗೆ ನಿಂತೇ ಒಳಗಿನದನ್ನು ನಿರ್ಣಯಿಸಬೇಕು. ಆದರೆ ಹಾಗೆ ನಿರ್ಣಯಿಸುವವನ ಕೈ ಎಷ್ಟು ಹಗುರವಾಗಿರಬೇಕೆಂಬುದನ್ನು ನಾವು ಕಲಿತದ್ದು ಪ್ರಯೋಗಶಾಲೆಯಲ್ಲಿ ಅಲ್ಲ. ನೆಲಮಂಗಲದ ಬಳಿಯ ಅರಿಶಿನಕುಂಟೆಯಲ್ಲಿರುವ ನಮ್ಮ ಮನೆಯಲ್ಲಿ, ಕಳೆದ ಕ್ರಿಸ್ಮಸ್ಸಿನ ಹಿಂದಿನ ಸಂಜೆ.

ಹಬ್ಬಕ್ಕೆ ಒಂದು ವಾರವಿರುವಾಗಲೇ ನಮ್ಮಲ್ಲಿ ಗೋದಲಿ ಸಿದ್ಧವಾಗುತ್ತದೆ. ಅದರ ಪಕ್ಕದಲ್ಲಿ ಕಾಣಿಕೆಯ ಪೆಟ್ಟಿಗೆಗಳನ್ನು, ಪಡೆಯುವವರ ಹೆಸರು ಬರೆದು, ಇಡುತ್ತೇವೆ. ನಡುರಾತ್ರಿಯ ಬಲಿಪೂಜೆ ಮುಗಿಸಿ ಮನೆಗೆ ಬರುವವರೆಗೂ ಯಾರೂ ಬಿಚ್ಚುವಂತಿಲ್ಲ, ಊಹಿಸಬಹುದು ಮಾತ್ರ. ಊಹಿಸುವ ಕ್ರಮವನ್ನು ಅಕ್ಕನ ಮಗನಿಗೆ ಹೇಳಿಕೊಟ್ಟವರು ನಾವೇ. ಪೆಟ್ಟಿಗೆಯನ್ನು ಮೊದಲು ತೂಗು. ಆಮೇಲೆ ನಿಧಾನವಾಗಿ ಓರೆಮಾಡು. ಒಳಗಿನ ವಸ್ತು ಸ್ವಲ್ಪ ಓರೆಗೇ ಹೊರಟರೆ ಅದು ಉರುಳುವಂಥದು, ಹೆಚ್ಚು ಓರೆಮಾಡಿದ ಮೇಲೆ ಹೊರಟರೆ ಜಾರುವಂಥದು. ಕಾಂತವನ್ನು ಹೊರಗೆ ಹಿಡಿದು ನೋಡು. ಸದ್ದನ್ನು ಕೇಳು. ಹನ್ನೆರಡು ವರ್ಷದ ಹುಡುಗ ಈ ಪಾಠವನ್ನು ಚೆನ್ನಾಗಿ ಕಲಿತಿದ್ದನು.

ಆ ವರ್ಷ ನಮ್ಮ ತಾಯಿಯವರಿಗೆಂದು ನಾವು ತಂದದ್ದು ಗಾಜಿನ ಒಂದು ಪೀನ ಮಸೂರ. ಅವರ ಪ್ರಾರ್ಥನೆಯ ಪುಸ್ತಕದ ಅಕ್ಷರಗಳು ಬಹಳ ಸಣ್ಣವು; ಕನ್ನಡಕವಿದ್ದರೂ ಕಾಣದೆ, ಅವರು ಪುಸ್ತಕವನ್ನು ಮುಚ್ಚಿಟ್ಟು ತಿಂಗಳುಗಳಾಗಿದ್ದವು. ಮಸೂರವನ್ನು ಮರದ ಸಣ್ಣ ಪೆಟ್ಟಿಗೆಯಲ್ಲಿಟ್ಟೆವು. ಹುಡುಗನ ಊಹೆ ತಪ್ಪಲೆಂದು, ಪೀಣ್ಯದ ಕಾರ್ಖಾನೆಯೊಂದರಲ್ಲಿ ದುಡಿಯುವ ಮಿತ್ರರು ಕೊಟ್ಟಿದ್ದ ಉಕ್ಕಿನ ಗುಂಡೊಂದನ್ನೂ ಅದರೊಳಗೆ ಹಾಕಿದೆವು. ಸದ್ದು ಬರಲೆಂದು ಹತ್ತಿಯನ್ನು ತುಂಬಲಿಲ್ಲ. ಇದು ನಮ್ಮ ಜಾಣತನ!

ಸಂಜೆ ತಾಯಿಯವರೂ ಅಕ್ಕನೂ ಅಡುಗೆಮನೆಯಲ್ಲಿ ಕಜ್ಜಾಯ ಕರಿಯುತ್ತಿದ್ದರು. ಹುಡುಗನು ಅಜ್ಜಿಯ ಪೆಟ್ಟಿಗೆಯನ್ನು ಎತ್ತಿಕೊಂಡು ಬಂದನು. “ಮಾವ, ಇದರಲ್ಲಿ ಎರಡು ವಸ್ತು ಇವೆ. ಒಂದು ಕಬ್ಬಿಣದ ಗುಂಡು, ಉರುಳುತ್ತದೆ, ಕಾಂತಕ್ಕೆ ಸಿಗುತ್ತದೆ. ಇನ್ನೊಂದು ಜಾರುತ್ತದೆ, ಕಾಂತಕ್ಕೆ ಸಿಗುವುದಿಲ್ಲ. ಗಾಜೋ ಏನೋ, ಇನ್ನೊಂದು ಸಲ ನೋಡುತ್ತೇನೆ” ಎಂದು ಜೋರಾಗಿ ಅಲ್ಲಾಡಿಸಿದನು. ಒಳಗೆ ಚಟ್ ಎಂದಿತು. ಅವನ ಊಹೆ ಸರಿಯೆಂಬುದು ಸಿದ್ಧವಾಯಿತು. ಅವನ ಮುಖ ಬಿಳಿಚಿಕೊಂಡಿತು.

ತಪ್ಪು ಯಾರದು? ಸ್ವಲ್ಪ ಲೆಕ್ಕ ಮಾಡೋಣ. ಗುಂಡಿನ ತೂಕ ಸುಮಾರು 100 ಗ್ರಾಂ. ಅದು ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಹೋಗಿ ಗಾಜಿಗೆ ತಾಗಿ, ಸೆಕೆಂಡಿನ ಸಾವಿರದಲ್ಲಿ ಒಂದು ಪಾಲಿನಷ್ಟು ಕಾಲದಲ್ಲಿ ನಿಂತಿತೆಂದು ಇಟ್ಟುಕೊಳ್ಳಿರಿ. ಆಗ ಗಾಜಿನ ಮೇಲೆ ಬೀಳುವ ಸರಾಸರಿ ಬಲ 100 ನ್ಯೂಟನ್. ಎಂದರೆ ಹತ್ತು ಕಿಲೋಗ್ರಾಂ ಹೊರೆಯಷ್ಟು! ಅದೇ ಗುಂಡು ಹತ್ತಿಯಲ್ಲಿ ಹೂತು ಸೆಕೆಂಡಿನ ಐವತ್ತರಲ್ಲಿ ಒಂದು ಪಾಲಿನಷ್ಟು ಕಾಲ ತೆಗೆದುಕೊಂಡು ನಿಂತರೆ ಬಲ ಬರಿಯ 5 ನ್ಯೂಟನ್. ಕಳೆದುಕೊಳ್ಳುವ ಸಂವೇಗ ಎರಡು ಸಲವೂ ಒಂದೇ. ನಿಲ್ಲಲು ಹಿಡಿದ ಕಾಲ ಮಾತ್ರ ಬೇರೆ. ಹುಡುಗನು ಅಲ್ಲಾಡಿಸಿದ್ದು ನಿಜ. ಆದರೆ ಗುಂಡನ್ನು ಇಟ್ಟು ಹತ್ತಿಯನ್ನು ಬಿಟ್ಟವರು ನಾವು. ಅವನಿಗೆ ಅದನ್ನೇ ಹೇಳಿದೆವು.

ಅಲ್ಲಾಡಿಸದೆಯೇ ಪೆಟ್ಟಿಗೆಯ ಒಳಗನ್ನು ಕಂಡವರೊಬ್ಬರು ಉಂಟು, ಅದೂ ಕ್ರಿಸ್ಮಸ್ಸಿನ ದಿನಗಳಲ್ಲಿಯೇ. ಜರ್ಮನಿಯ ವ್ಯೂರ್ಟ್ಸ್‌ಬರ್ಗಿನಲ್ಲಿ ವಿಲ್ಹೆಲ್ಮ್ ರಾಂಟ್‌ಜೆನ್ ಎಂಬ ಭೌತವಿಜ್ಞಾನಿ 1895ರ ನವೆಂಬರ್ 8ರಂದು ಒಂದು ಹೊಸ ಕಿರಣವನ್ನು ಗುರುತಿಸಿದರು. ಡಿಸೆಂಬರ್ 22ರಂದು ತಮ್ಮ ಹೆಂಡತಿಯ ಕೈಯೊಳಗಿನ ಮೂಳೆಗಳನ್ನೂ ಬೆರಳಿನ ಉಂಗುರವನ್ನೂ ಚಿತ್ರದಲ್ಲಿ ಹಿಡಿದರು. 28ರಂದು ಅವರು ಒಪ್ಪಿಸಿದ ಲೇಖನದಲ್ಲಿ, ಮುಚ್ಚಿದ ಪೆಟ್ಟಿಗೆಯೊಳಗಿದ್ದ ತೂಕದ ಬಟ್ಟುಗಳ ಚಿತ್ರವನ್ನು ತೆಗೆದ ಸಂಗತಿಯೂ ಇದೆ. 1896ರ ಹೊಸವರ್ಷದ ದಿನ ಲೇಖನದ ಪ್ರತಿಗಳನ್ನು ಇತರ ವಿಜ್ಞಾನಿಗಳಿಗೆ ಅಂಚೆಯಲ್ಲಿ ಕಳುಹಿಸಿದರು. ಪೇಟೆಂಟನ್ನು ಪಡೆಯಲಿಲ್ಲ, ಲೋಕಕ್ಕೆ ಅದು ಕಾಣಿಕೆಯಾಗಿಯೇ ಬಂದಿತು. ಆದರೆ ಕ್ಷ-ಕಿರಣವೂ ಮಿತಿಮೀರಿದರೆ ಜೀವಕೋಶಗಳನ್ನು ಕೆಡಿಸುತ್ತದೆಂಬುದು ಮುಂದೆ ತಿಳಿಯಿತು. ಮುಟ್ಟದಂತೆ ತೋರುವ ಪರೀಕ್ಷೆಗೂ ಮಿತಿ ಬೇಕು.

ಅರಿಶಿನಕುಂಟೆಯ ನಮ್ಮ ಮನೆಗೆ ಹಿಂದಿರುಗೋಣ. ಪೂಜೆಯಿಂದ ಬಂದ ಮೇಲೆ ತಾಯಿಯವರು ಪೆಟ್ಟಿಗೆಯನ್ನು ಬಿಚ್ಚಿದರು. ಮಸೂರ ಎರಡು ಹೋಳಾಗಿತ್ತು. ಹುಡುಗನು ತಲೆ ಎತ್ತಲಿಲ್ಲ. ನಾವು ದೊಡ್ಡ ಹೋಳಿನ ಚೂಪಾದ ಅಂಚಿಗೆ ದಪ್ಪನಾದ ಬಟ್ಟೆಯ ಪಟ್ಟಿಯನ್ನು ಅಂಟಿಸಿ ಅವರ ಕೈಗೆ ಕೊಟ್ಟೆವು. ಅವರು ಪುಸ್ತಕ ತೆರೆದು ಅದನ್ನು ಅಕ್ಷರಗಳ ಮೇಲೆ ಹಿಡಿದು, ಒಂದು ಸಾಲನ್ನು ಮೆಲ್ಲನೆ ಓದಿದರು. “ಕಾಣುತ್ತದಲ್ಲೋ ಮಗ! ಒಡೆದರೂ ಅಕ್ಷರ ಸಣ್ಣದಾಗಲಿಲ್ಲ” ಎಂದು ಮೊಮ್ಮಗನನ್ನು ಹತ್ತಿರ ಕೂರಿಸಿಕೊಂಡರು.

ಅವರ ಮಾತು ಶಾಸ್ತ್ರಕ್ಕೆ ಸರಿಯಾದುದು. ಮಸೂರ ಎಷ್ಟು ದೊಡ್ಡದಾಗಿ ತೋರಿಸುತ್ತದೆಂಬುದು ಅದರ ಸಂಗಮ ದೂರವನ್ನು ಅವಲಂಬಿಸಿದೆ. ಸಂಗಮ ದೂರವು ಮೈಯ ಬಾಗನ್ನೂ ಗಾಜಿನ ಗುಣವನ್ನೂ ಅವಲಂಬಿಸಿದೆ. ಒಡೆದ ಹೋಳಿನಲ್ಲಿ ಇವೆರಡೂ ಬದಲಾಗಲಿಲ್ಲ. ಒಂದೇ ನೋಟಕ್ಕೆ ಕಾಣುವ ಅಕ್ಷರಗಳು ಮಾತ್ರ ಕಡಿಮೆಯಾದವು.

ಇದನ್ನು ನೋಡಲು ಓದುಗರು ಮಸೂರವನ್ನು ಒಡೆಯಬೇಕಾಗಿಲ್ಲ! ಹಗಲಿನಲ್ಲಿ ಕಿಟಕಿಗೆ ಎದುರಾದ ಗೋಡೆಯ ಬಳಿ ಪೀನ ಮಸೂರವನ್ನು ಹಿಡಿದು, ಗೋಡೆಯ ಮೇಲೆ ಕಿಟಕಿಯ ತಲೆಕೆಳಗಾದ ಪ್ರತಿಬಿಂಬವನ್ನು ಮೂಡಿಸಿರಿ. ಈಗ ಮಸೂರದ ಅರ್ಧವನ್ನು ಕಪ್ಪು ಕಾಗದದಿಂದ ಮುಚ್ಚಿರಿ. ಅರ್ಧ ಕಿಟಕಿ ಮಾಯವಾಗುವುದೆಂದು ತರಗತಿಯಲ್ಲಿ ಬಹಳ ಮಂದಿ ಹೇಳುತ್ತಾರೆ. ಆದರೆ ಕಿಟಕಿ ಪೂರ್ತಿಯಾಗಿಯೇ ಕಾಣುವುದು. ಬೆಳಕು ಮಾತ್ರ ಅರ್ಧಕ್ಕೆ ಇಳಿಯುವುದು. ಏಕೆಂದರೆ ಕಿಟಕಿಯ ಪ್ರತಿಯೊಂದು ಬಿಂದುವಿನಿಂದಲೂ ಹೊರಟ ಬೆಳಕು ಮಸೂರದ ಎಲ್ಲ ಭಾಗಗಳಿಗೂ ಬೀಳುತ್ತದೆ. ಪ್ರತಿಯೊಂದು ಭಾಗವೂ ಅದನ್ನು ಬಾಗಿಸಿ ಗೋಡೆಯ ಮೇಲಿನ ಅದೇ ಸ್ಥಾನಕ್ಕೆ ಕಳುಹಿಸುತ್ತದೆ.

ಹಬ್ಬದ ಮೇಲೆ ತಾಯಿಯವರಿಗೆ ಹೊಸ ಮಸೂರವನ್ನು ತಂದುಕೊಟ್ಟೆವು. ಅವರು ಅದನ್ನು ಬೀರುವಿನಲ್ಲಿಟ್ಟು, ಪಟ್ಟಿ ಸುತ್ತಿದ ಹೋಳಿನಲ್ಲಿಯೇ ಈಗಲೂ ಓದುತ್ತಾರೆ. ಬರುವ ಕ್ರಿಸ್ಮಸ್ಸಿಗೆ ಪೆಟ್ಟಿಗೆಗಳಲ್ಲಿ ಹತ್ತಿಯನ್ನು ತುಂಬುವ ಕೆಲಸವನ್ನು ಹುಡುಗನೇ ವಹಿಸಿಕೊಂಡಿದ್ದಾನೆ.